ಮನೆತನದಲ್ಲಿ ಇಲ್ಲದ ಅವಳಿ

ಈ ಪ್ರಕರಣದ ಹೆಣ್ಣುಮಗಳನ್ನು ಶಾರದಾ ಎಂದು ಕರೆಯುತ್ತೇನೆ. ಹೆಸರಷ್ಟೇ ಅಲ್ಲ, ಊರು, ನೌಕರಿ, ಮನೆಯವರ ವಿವರಗಳನ್ನೂ ಗುರುತು ಹತ್ತದಷ್ಟು ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆಯಿದೆ. ವಯಸ್ಸು 29. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡ ಆಲ್ದೂರಿನ ಆಚೆ ಒಂದು ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು. ನಾಲ್ಕು ವರ್ಷದ ಮಗಳಿದ್ದಾಳೆ. ಮಾವ ತೀರಿಕೊಂಡಿದ್ದಾರೆ, ಅತ್ತೆ ಜೊತೆಯಲ್ಲಿದ್ದಾರೆ. ಎರಡನೆಯ ಮಗು ಬೇಕೆಂದು ಗಂಡ ಹೆಂಡತಿ ಕೂಡಿಯೇ ತೀರ್ಮಾನಿಸಿದ್ದರು ಮತ್ತು ಯಾವ ಔಷಧಿಯ ನೆರವೂ ಇಲ್ಲದೆ ಗರ್ಭ ನಿಂತಿತ್ತು. ಆರನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಒಂದೇ ಚೀಲ. ಹನ್ನೆರಡನೆಯ ವಾರ ಪರದೆಯ ಮೇಲೆ ಎರಡು ಎದೆಬಡಿತ ಕಂಡಾಗ ಶಾರದಾ ಸಂತೋಷಪಡಲಿಲ್ಲ, ಅತ್ತರು. ಆಮೇಲಿನ ಎರಡು ವಾರ ಸರಿಯಾಗಿ ನಿದ್ದೆಯಿಲ್ಲ ಎಂದು ತಿಳಿದು ಹೆರಿಗೆ ತಜ್ಞೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಕಳುಹಿಸಿದ್ದರು.

ಮಾರ್ಚ್ ತಿಂಗಳ ನಡುವೆ ಮೂವರೂ ಬಂದರು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಇನ್ನೂ ಬಿದ್ದಿರಲಿಲ್ಲವಾದ್ದರಿಂದ ಗಂಡನ ಮನಸ್ಸು ಅರ್ಧ ತೋಟದ ಸ್ಪ್ರಿಂಕ್ಲರ್‌ಗಳ ಕಡೆಗೇ ಇತ್ತು. ಮೊದಲ ಮಾತು ಅತ್ತೆಯವರದು: "ನೋಡಿ ಮೇಡಂ, ನಮ್ಮಲ್ಲಿ ಏಳು ತಲೆಮಾರಿನಿಂದ ಅವಳಿ ಹುಟ್ಟಿಲ್ಲ. ಇವಳ ತವರಲ್ಲೂ ಇಲ್ಲವಂತೆ. ಹಾಗಿದ್ದ ಮೇಲೆ ಇದು ಬಂದದ್ದು ಎಲ್ಲಿಂದ?" ಸತ್ಯನಾರಾಯಣ ಪೂಜೆಯ ದಿನ ಸೊಸೆ ಜೋಡಿ ಬಾಳೆಹಣ್ಣು ತಿಂದದ್ದನ್ನು ತಾವು ಕಣ್ಣಾರೆ ಕಂಡದ್ದಾಗಿಯೂ, ಬೇಡವೆಂದರೂ ಕೇಳಲಿಲ್ಲವೆಂದೂ ಅವರು ಸೇರಿಸಿದರು. ಶಾರದಾ ತಲೆ ತಗ್ಗಿಸಿ ಸೆರಗಿನ ಅಂಚನ್ನು ಸುತ್ತುತ್ತಿದ್ದರು.

"ಎಲ್ಲಿಂದ ಬಂತು" ಎಂಬ ಪ್ರಶ್ನೆಗೆ ನೇರ ಉತ್ತರ ಕೊಡದೆ ಸಮಾಧಾನದ ಮಾತಿಗೆ ಇಳಿಯುವುದು ಆಪ್ತಸಲಹೆಗಾರರು ಮಾಡುವ ತಪ್ಪು. ನಾನೂ ಹಿಂದೆ ಮಾಡಿದ್ದೇನೆ. ಉತ್ತರ ಸಿಗದ ಮನೆ ತನ್ನದೇ ಉತ್ತರವನ್ನು ಕಟ್ಟಿಕೊಳ್ಳುತ್ತದೆ, ಅದು ಒಂದು ಕಡೆ ಬಾಳೆಹಣ್ಣಾದರೆ ಇನ್ನೊಂದು ಕಡೆ ಕೆಟ್ಟ ಕಣ್ಣು, ಮತ್ತೊಂದು ಕಡೆ ಹೆಣ್ಣಿನ ನಡತೆಯ ಮೇಲಿನ ಗುಮಾನಿ. ಹಾಗಾಗಿ ಒಂದು ಹಾಳೆ ತೆಗೆದು ಚಿತ್ರ ಬರೆದೆ. ಅವಳಿ ಎರಡು ಬಗೆ. ಒಂದು ತಿಂಗಳಲ್ಲಿ ಎರಡು ಅಂಡಾಣು ಬಿಡುಗಡೆಯಾಗಿ ಎರಡೂ ಫಲಿಸಿದರೆ ಹುಟ್ಟುವವರು ಒಂದೇ ಹೊತ್ತಿನಲ್ಲಿ ಬೆಳೆದ ಅಣ್ಣ ತಮ್ಮ, ಅಕ್ಕ ತಂಗಿಯರಂತೆ. ಈ ಬಗೆ ತಾಯಿಯ ಕಡೆಯಿಂದ ವಂಶದಲ್ಲಿ ಹರಿದು ಬರುವುದುಂಟು. ತಾಯಿಯ ವಯಸ್ಸು ಮೂವತ್ತೈದರ ಆಸುಪಾಸಿಗೆ ಬಂದಾಗ, ಹಿಂದೆ ಹೆರಿಗೆಗಳಾಗಿದ್ದಾಗ, ಅಂಡಾಣು ಬಿಡುಗಡೆಗೆ ಔಷಧಿ ಪಡೆದಾಗ ಹೆಚ್ಚಾಗುವುದೂ ಇದೇ. ಇನ್ನೊಂದು ಬಗೆಯಲ್ಲಿ ಫಲಿಸಿದ ಒಂದೇ ಅಂಡಾಣು ಮೊದಲ ಕೆಲವು ದಿನಗಳಲ್ಲಿ ತಾನಾಗಿ ಎರಡಾಗಿ ಬೇರ್ಪಡುತ್ತದೆ. ಸಾವಿರ ಹೆರಿಗೆಗಳಲ್ಲಿ ಮೂರು ನಾಲ್ಕರಲ್ಲಿ ಹೀಗಾಗುತ್ತದೆ, ಮತ್ತು ಈ ಪ್ರಮಾಣ ಜಗತ್ತಿನ ಯಾವ ಜನಾಂಗದಲ್ಲೂ ಹೆಚ್ಚು ಕಡಿಮೆ ಇಷ್ಟೇ. ಇದಕ್ಕೆ ವಂಶ ಬೇಕಿಲ್ಲ, ಯಾರ ತಪ್ಪೂ ಬೇಕಿಲ್ಲ.

ಶಾರದಾ ಅವರದು ಎರಡನೆಯ ಬಗೆ ಎಂದು ವರದಿಯೇ ಹೇಳುತ್ತಿತ್ತು. ಎರಡು ಮಕ್ಕಳಿಗೆ ಸೇರಿ ಒಂದೇ ಮಾಸು (ಪ್ಲಾಸೆಂಟಾ), ಆದರೆ ನೀರಿನ ಚೀಲ ಎರಡು, ನಡುವೆ ತೆಳುವಾದ ಪೊರೆ. ಅಂಡಾಣು ಮೊದಲ ಮೂರು ದಿನದೊಳಗೆ ಬೇರ್ಪಟ್ಟಿದ್ದರೆ ಮಾಸೂ ಎರಡಾಗುತ್ತಿತ್ತು. ನಾಲ್ಕರಿಂದ ಎಂಟನೆಯ ದಿನದ ನಡುವೆ ಬೇರ್ಪಟ್ಟರೆ ಹೀಗೆ. ಆರನೆಯ ವಾರದಲ್ಲಿ ಒಂದೇ ಚೀಲ ಕಂಡದ್ದರಲ್ಲಿ ಮೋಸವೇನೂ ಇರಲಿಲ್ಲ, ಎರಡು ನೀರಿನ ಚೀಲವನ್ನೂ ಒಳಗೊಂಡ ಹೊರಚೀಲ ಇದ್ದದ್ದೇ ಒಂದು. ಬಾಳೆಹಣ್ಣಿನ ಮಾತನ್ನು ನಾನು ನಗೆಯಾಡಲಿಲ್ಲ. ಪೂಜೆ ಯಾವಾಗ ನಡೆಯಿತು ಎಂದು ಮಾತ್ರ ಕೇಳಿದೆ. ಜನವರಿ ಕೊನೆಯಲ್ಲಿ ಎಂದರು. ಅಷ್ಟು ಹೊತ್ತಿಗೆ ಅವಳಿ ಒಡಲಲ್ಲಿ ಬೆಳೆಯುತ್ತಲೇ ಇದ್ದವು ಎಂದು ದಿನ ಎಣಿಸಿ ತೋರಿಸಿದಾಗ ಅತ್ತೆ ಸುಮ್ಮನಾದರು, ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಎರಡನೆಯ ಭೇಟಿಗೆ ಶಾರದಾ ಒಬ್ಬರೇ ಬರಬೇಕೆಂದು ಕೇಳಿಕೊಂಡಿದ್ದೆ. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅಂದು ಹೊರಬಿತ್ತು, ಮತ್ತು ಅದನ್ನು ಹುಟ್ಟುಹಾಕಿದ್ದು ನನ್ನ ಚಿತ್ರವೇ ಎಂದು ತಿಳಿದು ನನಗೆ ಪೆಚ್ಚಾಯಿತು. "ಒಂದೇ ಅಂಡಾಣು ಎರಡಾದ್ದು ಅಂದರೆ ಎರಡೂ ಒಂದೇ ಅಲ್ವಾ ಮೇಡಂ? ಹೆಣ್ಣಾದರೆ ಎರಡೂ ಹೆಣ್ಣು. ಮೊದಲನೆಯದೂ ಹೆಣ್ಣು." ಎರಡನೆಯದು ಗಂಡಾಗಲಿ ಎಂದು ಅತ್ತೆ ಹರಕೆ ಹೊತ್ತಿದ್ದರು, ಒಂದಾದರೂ ಗಂಡಾಗಬಹುದು ಎಂಬ ಆಸೆಯನ್ನು ಅವಳಿಯ ಸುದ್ದಿ ಮೂಡಿಸುವಷ್ಟರಲ್ಲಿ ನನ್ನ ವಿವರಣೆ ಅದನ್ನು ಕಸಿದುಕೊಂಡಿತ್ತು. ಆಕೆಗೆ ಹೆಣ್ಣುಮಕ್ಕಳು ಬೇಡವೆಂದಲ್ಲ. ಮೂವರು ಹೆಣ್ಣುಮಕ್ಕಳ ತಾಯಿಯಾಗಿ ಆ ಮನೆಯಲ್ಲಿ ತನ್ನ ಸ್ಥಾನ ಏನಾದೀತು ಎಂಬುದು ಆಕೆಯ ಭಯ.

ಇಂಥ ಭಯಕ್ಕೆ "ಹೆಣ್ಣಾದರೇನು, ಗಂಡಾದರೇನು" ಎಂಬ ಭಾಷಣ ಮದ್ದಲ್ಲ. ನಾನು ಹೇಳಿದ್ದು ಮೂರು ಮಾತು. ಅವಳಿ ಒಂದೇ ಲಿಂಗದವು ಎಂಬ ಆಕೆಯ ತಿಳಿವಳಿಕೆ ಸರಿಯಾದುದು, ಅದನ್ನು ಮುಚ್ಚಿಡುವುದಿಲ್ಲ. ಯಾವ ಲಿಂಗವೆಂದು ಹೆರಿಗೆಗೆ ಮುಂಚೆ ತಿಳಿಯಲು ಯತ್ನಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಯಾರಾದರೂ "ಗೊತ್ತಿರುವ ಕಡೆ ಮಾಡಿಸೋಣ" ಎಂದರೆ ಅಲ್ಲಿಗೆ ಹೋಗಕೂಡದು, ನನಗೆ ಫೋನ್ ಮಾಡಬೇಕು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ, ಇದನ್ನು ಗಂಡನಿಗೆ ಹೇಳುವ ಕೆಲಸ ಆಕೆಯದಲ್ಲ, ನನ್ನದು. ಕೊನೆಯ ಮಾತಿಗೆ ಆಕೆಯ ಮುಖದಲ್ಲಿ ಮೊದಲ ಸಲ ಒಂದಿಷ್ಟು ಸಡಿಲ ಕಂಡಿತು.

ಅದೇ ವಾರ ಗಂಡ ಒಬ್ಬರೇ ಬಂದು, ತುಂಬ ಹಿಂಜರಿಯುತ್ತ, ಎರಡರಲ್ಲಿ ಒಂದನ್ನು ತೆಗೆಸಲು ಸಾಧ್ಯವೇ ಎಂದು ಕೇಳಿದರು. ದುಷ್ಟತನದಿಂದ ಬಂದ ಮಾತಲ್ಲ ಅದು. ತೋಟದ ಸಂಬಳ, ಬ್ಯಾಂಕಿನ ಸಾಲ, ಇಬ್ಬರಿಗೂ ಹಾಲು, ಶಾಲೆ, ಎಲ್ಲವನ್ನೂ ಲೆಕ್ಕ ಹಾಕಿ ಸೋತಿದ್ದರು. ಒಂದೇ ಮಾಸಿನಲ್ಲಿ ಎರಡು ಮಕ್ಕಳ ರಕ್ತನಾಳಗಳು ಕೂಡಿಕೊಂಡಿರುವುದರಿಂದ ಒಂದಕ್ಕೆ ಚುಚ್ಚಿದ ಔಷಧಿ ಇನ್ನೊಂದಕ್ಕೂ ಹೋಗುತ್ತದೆ, ಆದ್ದರಿಂದ ಇಂಥ ಗರ್ಭದಲ್ಲಿ ಅದು ಸುಲಭದ ಕೆಲಸವಲ್ಲ, ಉಳಿದ ಮಗುವಿನ ಜೀವಕ್ಕೂ ಅಪಾಯ, ವಿವರವನ್ನು ಹೆರಿಗೆ ತಜ್ಞೆಯ ಬಾಯಿಂದಲೇ ಕೇಳಬೇಕು ಎಂದೆ. ಗರ್ಭವನ್ನು ಮುಂದುವರಿಸುವ ಅಥವಾ ಕಾನೂನಿನ ಮಿತಿಯೊಳಗೆ ನಿಲ್ಲಿಸುವ ಮಾತಿನಲ್ಲಿ ವೈದ್ಯರಿಗೆ ಬೇಕಾದದ್ದು ಶಾರದಾ ಅವರ ಒಪ್ಪಿಗೆ, ಗಂಡನ ಒಪ್ಪಿಗೆಯಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿದೆ. ಲಿಂಗದ ಬಗ್ಗೆ ಕೊಟ್ಟಿದ್ದ ಮಾತನ್ನೂ ಅಲ್ಲೇ ತೀರಿಸಿದೆ. ಆಮೇಲೆ ಶಾರದಾ ಅವರನ್ನು ಪ್ರತ್ಯೇಕವಾಗಿ ಕೇಳಿದಾಗ ಆಕೆಯ ಉತ್ತರ ಹೀಗಿತ್ತು: "ಎರಡೂ ಇರಲಿ ಮೇಡಂ. ಆದರೆ ಎಲ್ಲರೂ ಬಂದು ಪುಣ್ಯ ಮಾಡಿದ್ದೆ ಅಂತಾರಲ್ಲ, ಅದನ್ನು ನಿಲ್ಲಿಸೋಕೆ ಹೇಳಿ." ಆಕೆಯ ಗೋಳು ಅವಳಿಯಲ್ಲ, ಅವಳಿಯ ಬಗ್ಗೆ ಒಂದೇ ಒಂದು ಬಗೆಯ ಭಾವನೆ ತೋರಿಸಬೇಕೆಂಬ ಒತ್ತಡ ಎಂದು ನನಗೆ ಅರ್ಥವಾದದ್ದು ಆಗ.

ಏಪ್ರಿಲ್‌ನಲ್ಲಿ ಒಂದು ತಮಾಷೆಯ ತಿರುವು. ಅರಕಲಗೂಡು ಕಡೆಯ ಹಿರಿಯ ನೆಂಟರಿಗೆ ಫೋನ್ ಮಾಡಿದ್ದ ಅತ್ತೆಗೆ, ಮಾವನ ಸೋದರತ್ತೆಗೆ ಅವಳಿ ಹುಟ್ಟಿದ್ದು, ಒಂದು ಮಗು ಒಂಬತ್ತನೆಯ ದಿನ ತೀರಿಕೊಂಡದ್ದು ತಿಳಿಯಿತು. "ನಮ್ಮಲ್ಲೇ ಇತ್ತು ಮೇಡಂ!" ಎಂದು ಗೆದ್ದವರಂತೆ ಬಂದರು. ಇಂಥ ಪ್ರಕರಣಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದೇನೆಂದರೆ, "ಮನೆತನದಲ್ಲಿ ಅವಳಿ ಇಲ್ಲ" ಎಂದರೆ ಬಹಳ ಸಲ "ಇಬ್ಬರೂ ಬದುಕಿ ಉಳಿದ ಅವಳಿ ಇಲ್ಲ" ಎಂದಷ್ಟೇ ಅರ್ಥ; ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹೋದ ಮಗುವನ್ನು ಯಾರೂ ಎಣಿಕೆಗೆ ಹಿಡಿಯುತ್ತಿರಲಿಲ್ಲ. ಆದರೆ ಮಾವನ ಸೋದರತ್ತೆಗೂ ಶಾರದಾ ಅವರ ಗರ್ಭಕ್ಕೂ ಸಂಬಂಧವಿಲ್ಲ. ಎರಡು ಅಂಡಾಣು ಬಿಡುವ ಗುಣ ಗಂಡನ ಕಡೆಯಿಂದ ಹರಿದು ಬಂದರೂ ಅದು ಕಾಣಿಸಿಕೊಳ್ಳುವುದು ಆತನ ಹೆಣ್ಣುಮಕ್ಕಳಲ್ಲಿ, ಹೆಂಡತಿಯಲ್ಲಲ್ಲ. ಇಲ್ಲಿಯಂತೂ ಅಂಡಾಣು ಒಂದೇ. ತಿದ್ದಬೇಕೋ ಬಿಡಬೇಕೋ ಎಂದು ಯೋಚಿಸಿದೆ. ಶಾರದಾ ಅವರಿಗೆ ನಿಜವನ್ನು ಹೇಳಿದೆ, ಅತ್ತೆಗೂ ಒಮ್ಮೆ ಹೇಳಿದೆ, ಅವರು ತಲೆಯಾಡಿಸಿ ನೆಂಟರಿಗೆಲ್ಲ ತಮ್ಮ ಕಥೆಯನ್ನೇ ಹೇಳುತ್ತ ಹೋದರು. ಎರಡನೆಯ ಸಲ ತಿದ್ದಲಿಲ್ಲ. ಸೊಸೆಯ ಮೇಲಿದ್ದ ಆಪಾದನೆ ಆ ಕಥೆಯಿಂದ ಇಳಿದುಹೋಗಿತ್ತು.

ಇನ್ನು ಕೊಟ್ಟ ಸಲಹೆ. ಒಂದೇ ಮಾಸಿನ ಅವಳಿಯಲ್ಲಿ ಒಂದು ಮಗುವಿನಿಂದ ಇನ್ನೊಂದಕ್ಕೆ ರಕ್ತ ಹೆಚ್ಚು ಹರಿದುಬಿಡುವ ತೊಂದರೆ ನೂರಕ್ಕೆ 10ರಿಂದ 15 ಗರ್ಭಗಳಲ್ಲಿ ಬರುವುದರಿಂದ ಹದಿನಾರನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಆಗಲೇಬೇಕೆಂದು ತಜ್ಞೆ ಹೇಳಿದ್ದರು. ಅದನ್ನು ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಗಂಡನ ಕೈಯಲ್ಲೇ ಬರೆಸಿದೆ. ಎರಡು ಮೂರು ದಿನದಲ್ಲೇ ಹೊಟ್ಟೆ ಒಮ್ಮೆಲೇ ಬಿಗಿದು ದೊಡ್ಡದಾದರೆ, ಉಸಿರು ಕಟ್ಟಿದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ, ರಕ್ತ ಅಥವಾ ನೀರು ಹೋದರೆ, ಮಕ್ಕಳ ಅಲುಗಾಟ ಕಡಿಮೆಯಾದರೆ ಮುಂದಿನ ತಾರೀಖಿಗೆ ಕಾಯದೆ ಹೊರಡಬೇಕು. ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್‌ನಲ್ಲಿ ಅವಳಿ ಎಂದು ನಮೂದಾಗಲಿ, ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಯೂ ತಪ್ಪದಿರಲಿ ಎಂದೆ. ಕಾಫಿಯ ಮಾತು ಬಂದಾಗ ಮೂವರೂ ನಕ್ಕರು: ದಿನಕ್ಕೆ ಆರೇಳು ಲೋಟ ನಡೆಯುವ ಮನೆಯದು. ಎರಡು ಸಣ್ಣ ಲೋಟ ಸಾಕು, ಅದೂ ಕಬ್ಬಿಣಾಂಶದ ಮಾತ್ರೆ ನುಂಗುವ ಹೊತ್ತಿನಿಂದ ದೂರ, ಏಕೆಂದರೆ ಕಾಫಿ ಟೀ ಜೊತೆ ನುಂಗಿದ ಮಾತ್ರೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಮಳೆಯ ಲೆಕ್ಕ. ಈ ಬಗೆಯ ಅವಳಿಯನ್ನು ಸಾಮಾನ್ಯವಾಗಿ ಮೂವತ್ತಾರನೆಯ ವಾರದ ಹೊತ್ತಿಗೆ ಹೆರಿಗೆ ಮಾಡಿಸುತ್ತಾರೆ. ಶಾರದಾ ಅವರಿಗೆ ಅದು ಆಗಸ್ಟ್ ನಡುವೆ. ಅವಳಿ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತುಂಬುವ ಮುಂಚೆಯೇ ಹೆರಿಗೆಯಾಗುವುದರಿಂದ ಜುಲೈಯಲ್ಲೂ ನೋವು ಬರಬಹುದು. ಆ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ, ಕರೆಂಟ್ ಹೋಗಿ ಫೋನ್ ಸತ್ತರೆ, 108 ವಾಹನ ತೋಟದ ಮನೆ ಮುಟ್ಟುವುದು ಯಾವಾಗ? ಜುಲೈ ಮೂರನೆಯ ವಾರದೊಳಗೆ ಹಾಸನದ ತವರಿಗೆ ಹೋಗಿಬಿಡಬೇಕು, ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲೇ ತೋರಿಸಿರಬೇಕು ಎಂಬುದು ನನ್ನ ಸಲಹೆ. ಎರಡನೆಯ ಬಾಣಂತನ ಗಂಡನ ಮನೆಯದು, ತವರಿಗೆ ಕಳಿಸಿದರೆ ಜನ ಏನಂದಾರು ಎಂದು ಅತ್ತೆ ಮುನಿದರು. "ಅಮ್ಮಾ, ಇದು ಬಾಣಂತನವಲ್ಲ, ಆಸ್ಪತ್ರೆಯ ಪಕ್ಕ ಕಾಯುವುದು, ಬಾಣಂತನ ನಿಮ್ಮದೇ, ನೀವೂ ಅಲ್ಲಿಗೇ ಹೋಗಿ" ಎಂದ ಮೇಲೆ ಒಪ್ಪಿದರು. ದೊಡ್ಡ ಮಗಳು ಯಾರ ಬಳಿ ಮಲಗುತ್ತಾಳೆ ಎಂಬುದೂ ಅಂದೇ ತೀರ್ಮಾನವಾಗಿ ಅಪ್ಪನ ಪಾಲಿಗೆ ಬಂತು.

ನೌಕರಿಯದು ಸರಳ. ಸದ್ಯ ಒಂದೇ ಮಗು ಇರುವುದರಿಂದ ಹೆರಿಗೆ ಸೌಲಭ್ಯದ ಕಾನೂನಿನಂತೆ ಸಂಬಳ ಸಹಿತ 26 ವಾರ ರಜೆ ಆಕೆಯ ಹಕ್ಕು, ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಅರ್ಜಿಯನ್ನು ನನ್ನ ಮುಂದೆಯೇ ಬರೆದರು.

ಆಗಸ್ಟ್ ಎರಡನೆಯ ವಾರ, ಮೂವತ್ತೈದು ವಾರ ತುಂಬಿದಾಗ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಯಿತು. ಒಂದು ಮಗು ಎರಡು ಕಿಲೋ, ಇನ್ನೊಂದು ಅದಕ್ಕಿಂತ ಕಾಲು ಕಿಲೋ ಕಡಿಮೆ. ಚಿಕ್ಕದು ಎಂಟು ದಿನ ನವಜಾತ ಶಿಶು ಘಟಕದಲ್ಲಿತ್ತು. ಮಕ್ಕಳು ಗಂಡೋ ಹೆಣ್ಣೋ ಎಂಬುದನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಅದನ್ನು ಓದಿದ ಕೂಡಲೇ ಈ ಪ್ರಕರಣ ಸುಖಾಂತವೋ ದುಃಖಾಂತವೋ ಎಂದು ಓದುಗರು ತೀರ್ಪು ಕೊಟ್ಟುಬಿಡುತ್ತಾರೆ.

ಆರನೆಯ ವಾರ ಹಾಸನದ ಮನೆಗೇ ಹೋಗಿ ಬಾಣಂತಿಯರ ಮನಸ್ಥಿತಿ ಅಳೆಯುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿಯನ್ನು ಶಾರದಾ ಅವರಿಂದ ತುಂಬಿಸಿದೆ. ಅಂಕ ನಾನು ಬಯಸಿದ್ದಕ್ಕಿಂತ ಹೆಚ್ಚಿತ್ತು. ಸಾಯುವ ಯೋಚನೆ ಇರಲಿಲ್ಲ, ಆದರೆ ಒಟ್ಟಿಗೆ ಎರಡು ಗಂಟೆಯೂ ನಿದ್ದೆಯಿರಲಿಲ್ಲ, ಸಣ್ಣ ಮಗುವಿಗೆ ಹಾಲು ಸಾಲದೆಂಬ ಅಳು ದಿನವೂ ಇತ್ತು. ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ. ರಾತ್ರಿ ಹತ್ತರಿಂದ ಎರಡರವರೆಗೆ ಮಕ್ಕಳು ಅತ್ತೆಯ ವಶ, ವಾರದ ಕೊನೆಗೆ ಬಂದಾಗ ಗಂಡನ ವಶ ಎಂದು ಗೊತ್ತುಮಾಡಿದೆವು. ಆ ಹೊತ್ತಿಗೆ ಬೇಕಾದ ಹಾಲನ್ನು ಮುಂಚೆಯೇ ಹಿಂಡಿಟ್ಟು ಒಳಲೆಯಲ್ಲಿ (ಮಕ್ಕಳಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು) ಕುಡಿಸುವುದು. ನಾನು ಹೊರಡುವಾಗ ರೈಟರ್ ಸಾಹೇಬರು ಅಂಗಿ ಬಿಚ್ಚಿ, ಆಸ್ಪತ್ರೆಯ ದಾದಿ ಕಲಿಸಿದಂತೆ ಚಿಕ್ಕ ಮಗುವನ್ನು ಎದೆಗೆ ಕಟ್ಟಿಕೊಂಡು, ಮೇಲೆ ಶಾಲು ಹೊದ್ದು ಕುಳಿತಿದ್ದರು. ಮುಂದಿನ ಭೇಟಿ ಹದಿನೈದು ದಿನಕ್ಕೆ ಎಂದು ಬರೆದುಕೊಂಡೆ.