ಪಾರ್ಕಿಂಗ್ ಪಿಲ್ಲರ್‌ಗೆ ಸಿಮೆಂಟ್ ಬಳಿದ್ರೆ ಸಾಕಾ?

ಪ್ರಶ್ನೆ: ಸರ್, ಕಲಬುರಗಿಲಿ ನಮ್ದು ಹಳೇ ಬಿಲ್ಡಿಂಗು, ಕೆಳಗೆ ಬರೀ ಪಿಲ್ಲರ್, ಕಾರ್ ಪಾರ್ಕಿಂಗು, ಮೇಲೆ ಮೂರು ಫ್ಲೋರ್ ಮನೆ. ಭೂಕಂಪಕ್ಕೆ ಗಟ್ಟಿ ಆಗ್ಲಿ ಅಂತ ಮೇಸ್ತ್ರಿ ಪಿಲ್ಲರ್ ಸುತ್ತ ಎರಡಿಂಚು ಸಿಮೆಂಟ್ ಹೊಡಿಯೋಣ ಅಂತಿದಾನೆ. ಮಾಡಿಸಬಹುದಾ?

ಉತ್ತರ: ಬೇಡ, ದುಡ್ಡು ದಂಡ. ನಿಮ್ಮ ಭಯ ಮಾತ್ರ ಸುಳ್ಳಲ್ಲ, 1993ರಲ್ಲಿ ಭೂಕಂಪ ಆದ ಮಹಾರಾಷ್ಟ್ರದ ಕಿಲ್ಲಾರಿ ನಿಮಗೇನು ದೂರಾನಾ? 2001ರ ಜನವರಿ 26ಕ್ಕೆ ಭುಜ್ ಕಡೆ ಭೂಮಿ ನಡುಗಿದಾಗ 200 ಕಿಲೋಮೀಟರಿಗಿಂತ ದೂರದ ಅಹಮದಾಬಾದಲ್ಲೂ ಅಪಾರ್ಟ್‌ಮೆಂಟ್‌ಗಳು ಕುಸಿದ್ವು, ಬಿದ್ದವುಗಳಲ್ಲಿ ನಿಮ್ದೇ ಥರ ಕೆಳಗೆ ಗೋಡೆ ಇಲ್ದೆ ಪಾರ್ಕಿಂಗ್ ಬಿಟ್ಟಿದ್ದವೇ ಬಹಳ. ಮೇಲಿನ ಫ್ಲೋರ್‌ಗಳು ಗೋಡೆಗಳಿಂದ ಬಿಗಿಯಾಗಿ ಒಂದೇ ಪೆಟ್ಟಿಗೆ ಥರ ಓಲಾಡ್ತವೆ, ಬಾಗೋದೆಲ್ಲ ಕೆಳಗಿನ ಪಿಲ್ಲರ್‌ಗಳ ತಲೆ ಮತ್ತು ಬುಡದಲ್ಲೇ. ಅಲ್ಲಿ ಉದ್ದ ಕಂಬಿಗಳನ್ನ ಸುತ್ತಿ ಹಿಡಿಯೋ ಕಬ್ಬಿಣದ ರಿಂಗು ದೂರದೂರ ಇದ್ರೆ, ಅಥವಾ ತುದಿನ ಬರೀ 90 ಡಿಗ್ರಿಗೆ ಮಡಚಿ ಬಿಟ್ಟಿದ್ರೆ, ಹೊರಗಿನ ಕಾಂಕ್ರೀಟ್ ಉದುರಿದ ತಕ್ಷಣ ರಿಂಗ್ ಬಿಚ್ಕೊಳ್ತದೆ, ಉದ್ದ ಕಂಬಿ ಹೊರಗೆ ಬಾಗ್ತದೆ, ಒಳಗಿನ ಕಾಂಕ್ರೀಟ್ ಪುಡಿ ಆಗ್ತದೆ. ಇದನ್ನ ಪ್ಲಾಸ್ಟರ್ ತಡೆಯಲ್ಲ.

ಮಾಡಿಸೋದಾದ್ರೆ ಸರಿಯಾದ ಜಾಕೆಟಿಂಗ್, ಅಂದ್ರೆ ಪಿಲ್ಲರ್ ಸುತ್ತ ಕಂಬಿ ಕಟ್ಟಿದ ಹೊಸ ಕಾಂಕ್ರೀಟ್ ಹೊದಿಕೆ ಮಾಡಿಸಿ. ಮೊದಲು ಬೀಮ್‌ಗಳಿಗೆ ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ಕೊಟ್ಟು, ಹಳೇ ಪ್ಲಾಸ್ಟರ್ ಕಿತ್ತು, ಮೈ ಒರಟು ಮಾಡಿ, ಹೊಸ ಕಂಬಿ ಕಟ್ಟಿ, ಹತ್ತಿರ ಹತ್ತಿರ ರಿಂಗ್ ಹಾಕಿ, ಹಳೇದಕ್ಕಿಂತ ಸ್ಟ್ರಾಂಗ್ ಕಾಂಕ್ರೀಟನ್ನ ಪ್ರತಿ ಬದಿಗೂ ಕನಿಷ್ಠ 100 ಎಂಎಂ ತುಂಬಬೇಕು. ಹೊಸ ಕಂಬಿ ಪಿಲ್ಲರ್ ಕೆಳಗಿನ ಪಾಯ, ಅಂದ್ರೆ ಫೂಟಿಂಗ್ ಒಳಗೂ ಇಳೀಬೇಕು, ಸ್ಲ್ಯಾಬ್ ತೂರಿ ಮೇಲಕ್ಕೂ ಹೋಗ್ಬೇಕು, ನೆಲದ ಮೇಲಿಂದ ಶುರು ಮಾಡಿ ಸೀಲಿಂಗಿಗೆ ನಿಲ್ಸಿದ್ರೆ ಬುಡ ಮೊದಲಿನಷ್ಟೇ ವೀಕು. ಪಿಲ್ಲರ್ ದಪ್ಪ ಆಗಿ ಕಾರ್ ತಿರುಗ್ಸೋದು ಕಷ್ಟ ಆಗ್ತದೆ, ಅದನ್ನ ಈಗ್ಲೇ ಅಳತೆ ಹಾಕ್ಕೊಳಿ. ಜಾಕೆಟಿಂಗ್ ಬದಲು ಪಿಲ್ಲರ್‌ಗೆ ಗಟ್ಟಿ ಫೈಬರ್ ಹಾಳೆ ಅಂಟಿಸಿ ಸುತ್ತೋದಕ್ಕೆ ಜಾಗ ಅಷ್ಟು ಬೇಡ, ಆದ್ರೆ ಅದು ದುಂಡು ಪಿಲ್ಲರ್‌ಗೆ ಹೊಂದಿದಷ್ಟು ಚೌಕಕ್ಕೆ ಹೊಂದಲ್ಲ, ಮೂಲೆ ಉಜ್ಜಿ ದುಂಡಗೆ ಮಾಡ್ಲೇಬೇಕು. ಇನ್ನೊಂದು, ಕಾಣೋ ಎರಡು ಪಿಲ್ಲರ್ ಮಾತ್ರ ಗಟ್ಟಿ ಮಾಡಿದ್ರೆ ಹೊಡೆತ ಅವಕ್ಕೇ ಜಾಸ್ತಿ ಬಿದ್ದು ಬಿಲ್ಡಿಂಗ್ ತಿರುಚ್ಕೊಳ್ಬಹುದು. ಅದಕ್ಕೇ ಸ್ಟ್ರಕ್ಚರಲ್ ಇಂಜಿನಿಯರ್ ಇಡೀ ಬಿಲ್ಡಿಂಗ್ ಲೆಕ್ಕ ಹಾಕ್ಬೇಕು, ಮೇಸ್ತ್ರಿ ಕೈಲಿ ಆಗೋ ಮಾತಲ್ಲ. ಕೆಲವು ಕಡೆ ಪಿಲ್ಲರ್ ಮಧ್ಯೆ ಕಾಂಕ್ರೀಟ್ ಗೋಡೆ ಎಬ್ಬಿಸೋದೇ ಸುಲಭ ಅಂತಾನೂ ಅವರು ಹೇಳಬಹುದು.

ಪ್ರಶ್ನೆ: ನಾವು ಹೊಸದಾಗಿ ಕಟ್ತಾ ಇದೀವಿ, ಏನು ನೋಡ್ಕೋಬೇಕು?

ಉತ್ತರ: ಕಾಂಕ್ರೀಟ್ ಹಾಕೋ ಮುಂಚೆ ಹೋಗಿ ರಿಂಗ್ ನೋಡಿ. ಪಿಲ್ಲರ್‌ನ ತಲೆ, ಬುಡದಲ್ಲಿ ರಿಂಗ್ ನಡುವೆ 100 ಎಂಎಂಗಿಂತ ಜಾಸ್ತಿ ಬಿಡಬಾರದು, ರಿಂಗ್ ತುದಿಯ ಕೊಕ್ಕೆ 135 ಡಿಗ್ರಿ ಮಡಚಿ ಒಳಗಿನ ಕಾಂಕ್ರೀಟಿಗೆ ಸಿಕ್ಕಿರಬೇಕು. ಬಾರ್ ಬೆಂಡರ್ ಗೊಣಗ್ತಾನೆ, ಗೊಣಗ್ಲಿ ಬಿಡಿ.