ಹೀರೋಸ್ 3 ಕಂಪ್ಯೂಟರ್ ಆಟದಲ್ಲಿ ಒಬ್ಬನೇ ಸೈನಿಕನನ್ನು ಮೊದಲು ಕಳುಹಿಸುವುದೇಕೆ?

ಶತ್ರುವಿನ ಮರುಹೊಡೆತವನ್ನು ಅಗ್ಗದಲ್ಲಿ ಮುಗಿಸಿಬಿಡುವುದಕ್ಕೆ. 1999ರಲ್ಲಿ ಬಂದ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಆಟದಲ್ಲಿ ಎದುರುಬದುರು ನಿಂತು ಏಟು ತಿಂದ ಪಡೆ ತಕ್ಷಣ ತಿರುಗಿ ಹೊಡೆಯುತ್ತದೆ. ಆದರೆ ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಂದೇ ಸಲ.

ಮೈಸೂರಿನ ನಮ್ಮ ಮನೆಯಲ್ಲಿ ನನ್ನ ತಮ್ಮ ನಲವತ್ತು ಕತ್ತಿಯಾಳುಗಳನ್ನು ಒಟ್ಟಿಗೇ ರಾಕ್ಷಸರ ಮೇಲೆ ನುಗ್ಗಿಸಿ, ಮರುಹೊಡೆತಕ್ಕೆ ಆಳುಗಳನ್ನು ಕಳೆದುಕೊಂಡು ಪೆಚ್ಚಾಗುತ್ತಿದ್ದ. ಅದೇ ಪಡೆಯಿಂದ ಒಬ್ಬನನ್ನು ಬೇರ್ಪಡಿಸಿ ಮುಂದೆ ಕಳುಹಿಸಿದರೆ ಸಾಕು. ಪಾಪ, ಅವನು ಸಾಯುತ್ತಾನೆ. ಉಳಿದ ಮೂವತ್ತೊಂಬತ್ತು ಮಂದಿ ಹೊಡೆಯುವಾಗ ಮಾತ್ರ ಎದುರಿನವರು ಕೈ ಎತ್ತುವಂತಿಲ್ಲ. ರಾಕ್ಷಸರ ಸ್ವಂತ ಸರದಿ ಬಂದಾಗ ಏಟು ಬಿದ್ದೇ ಬೀಳುತ್ತದೆ, ನಿಜ. ಆದರೆ ಏಟಿನ ಬಲ ಬದುಕುಳಿದವರ ಎಣಿಕೆಯನ್ನು ಅವಲಂಬಿಸಿದೆ. ಅಷ್ಟರಲ್ಲಿ ಆ ಎಣಿಕೆ ಇಳಿದಿರುತ್ತದೆ.

ಗ್ರಿಫಿನ್‌ಗಳ ಎದುರು ಎಚ್ಚರ; ಅವು ಹದ್ದಿನ ತಲೆ, ಸಿಂಹದ ಮೈಯ ಕಲ್ಪನೆಯ ಪ್ರಾಣಿಗಳು. ನಮ್ಮ ಗಂಡಭೇರುಂಡಕ್ಕೆ ಇರುವಂತೆ ಎರಡು ತಲೆ ಅವಕ್ಕಿಲ್ಲ, ಆದರೂ ಒಂದು ಸುತ್ತಿನಲ್ಲಿ ಎರಡು ಸಲ ತಿರುಗಿ ಹೊಡೆಯುತ್ತವೆ. ಅವುಗಳ ಬಲಿಷ್ಠ ರೂಪವಾದ ರಾಯಲ್ ಗ್ರಿಫಿನ್‌ಗಳ ಮರುಹೊಡೆತಕ್ಕಂತೂ ಲೆಕ್ಕವೇ ಇಲ್ಲ. ಅಲ್ಲಿ ಒಂಟಿ ಆಳನ್ನು ಬಲಿಕೊಡುವುದು ದಂಡ. ದೂರದಿಂದ ಬಿಲ್ಲುಗಾರರಿಂದ ಹೊಡೆಸಿ, ಬಾಣಕ್ಕೆ ಮರುಹೊಡೆತವಿಲ್ಲ.