ಲೇಬರ್ ಬಂದರೆ ಸೈನ್ಯ ಮುಚ್ಚುತ್ತಾರಾ?

ಸರ್ ಗಿರ್ ಎಲ್ಲ ಬೇಡ, ಅಣ್ಣ ಅನ್ನಿ ಸಾಕು. ನೀವು ಮಡಿಕೇರಿ, ನಾನು ಸೋಮವಾರಪೇಟೆ. ನ್ಯೂಜಿಲೆಂಡಿನ ಪಾಮರ್‌ಸ್ಟನ್ ನಾರ್ತ್‌ಗೆ ಬಂದು ಮೂರು ತಿಂಗಳಾಯ್ತು ಅಂತ ಬರೆದಿದ್ದೀರಿ. ಬಾಡಿಗೆ ಮನೆ, ಮಗನ ಶಾಲೆ ಕೇಳಿದ್ದೀರಿ. ಕೊನೆಗೆ ಇದು: ‘ಮಗನಿಗೆ ಇಲ್ಲಿನ ಏರ್‌ಫೋರ್ಸ್ ಸೇರೋ ಆಸೆ. ಎಡಪಂಥದ ಲೇಬರ್, ಗ್ರೀನ್ಸ್ ಪಕ್ಷಗಳು ಅಧಿಕಾರಕ್ಕೆ ಬಂದರೆ ಸೈನ್ಯಾನೇ ಮುಚ್ಚಿಬಿಡ್ತಾರೆ ಅಂತ ಆಫೀಸಲ್ಲಿ ಒಬ್ಬರು ಹೇಳಿದರು, ನಿಜವಾ?’

ಮನೆಗೆ ಒಂದೇ ಮಾತು. ವಾಸ್ತು ಬಿಡಿ, ಉತ್ತರಕ್ಕೆ ದೊಡ್ಡ ಕಿಟಕಿ ಇರುವ ಮನೆ ಹಿಡಿಯಿರಿ. ಇಲ್ಲಿ ಬಿಸಿಲು ಬರೋದೇ ಉತ್ತರದಿಂದ. ಶಾಲೆ ಯಾವುದಾದರೂ ಆಗುತ್ತೆ, ನಡೆದು ಹೋಗುವಷ್ಟು ಹತ್ತಿರ ಇರಲಿ.

ಸೈನ್ಯದ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯಲ್ಲ. ನಮ್ಮಪ್ಪ ಸುಬೇದಾರ್ ಆಗಿ ರಿಟೈರ್ ಆದವರು. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆಯಿಂದ ಬಂದವರಿಗೆ ಈ ಪ್ರಶ್ನೆ ಯಾಕೆ ಚುಚ್ಚುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬಂದಿದ್ದು 2001ರ ಫೆಬ್ರವರಿ. ಆಗ ಹೆಲೆನ್ ಕ್ಲಾರ್ಕ್ ಅವರ ಲೇಬರ್ ಸರ್ಕಾರ. ಅದಕ್ಕೆ ಮುಂಚಿನವರು 28 ಎಫ್-16 ವಿಮಾನ ತರಿಸೋಕೆ ಮಾಡಿಕೊಂಡಿದ್ದ ಒಪ್ಪಂದವನ್ನು ಅವರು 2000ದಲ್ಲೇ ರದ್ದು ಮಾಡಿದ್ದರು. 2001ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂತು. ಇರುವ 17 ಸ್ಕೈಹಾಕ್ ಫೈಟರ್‌ಗಳೂ ಬೇಡ, ಆ ದಳವನ್ನೇ ಮುಚ್ಚುತ್ತೇವೆ ಅಂತ. ಅದೇ ಡಿಸೆಂಬರ್‌ನಲ್ಲಿ ಮುಚ್ಚಿಯೂ ಬಿಟ್ಟರು.

ಆ ವಿಮಾನಗಳಿದ್ದ ಓಹಾಕಿಯಾ ಬೇಸ್ ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿ. ನಮ್ಮ ಪಕ್ಕದ ಮನೆಯವನು ಅಲ್ಲೇ ಮೆಕ್ಯಾನಿಕ್. ನಾವು ಬಂದ ವಾರವೇ ಬೇಲಿ ಮೇಲಿಂದ ಒಂದು ಚೀಲ ನಿಂಬೆಹಣ್ಣು ಕೊಟ್ಟವನು. ನನ್ನವಳು ಅದರಲ್ಲಿ ಉಪ್ಪಿನಕಾಯಿ ಹಾಕಿ ಒಂದು ಬಾಟಲ್ ವಾಪಸ್ ಕೊಟ್ಟಿದ್ದಳು. ಸುದ್ದಿ ಬಂದ ದಿನ ಸಂಜೆ ಅವನು ಶೆಡ್ ಮುಂದೆ ಹುಲ್ಲು ಕತ್ತರಿಸುವ ಮಷೀನ್ ಬಿಚ್ಚಿಕೊಂಡು ಕೂತಿದ್ದ. ಕಾರ್ಗಿಲ್ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ನನಗೆ ಇನ್ನೂ ಎದೆ ಉಬ್ಬಿಯೇ ಇತ್ತು. ‘ಫೈಟರ್ ಇಲ್ಲದ ದೇಶವಾ! ಬೇಕಾದ್ರೆ ನಮ್ಮ ಕಡೆಯಿಂದ ನಾಲ್ಕು ಮಿಗ್ ಕಳಿಸ್ತೀವಿ ಬಿಡು’ ಅಂದು ನಕ್ಕೆ. ಅವನೂ ಸ್ವಲ್ಪ ನಕ್ಕ. ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿದ. ಒಳಗೆ ಹೋದ.

ಊರಲ್ಲಾಗಿದ್ದರೆ ಬೈದಿರೋರು, ನಾಲ್ಕು ದಿನ ಮುಖ ಊದಿಸಿಕೊಂಡು ಐದನೇ ದಿನ ಕಾಫಿಗೆ ಕರೆದಿರೋರು. ಇಲ್ಲಿನವರು ಬೈಯಲ್ಲ. ಬೇಜಾರಾಗಿದೆ ಅಂತ ಗೊತ್ತಾಗೋದೇ ಇಲ್ಲ. ಅವನು ನನ್ನನ್ನು ಮಾತಾಡಿಸೋದೂ ನಿಲ್ಲಿಸಲಿಲ್ಲ, ಹವಾಮಾನದ ಮಾತು ಮಾತ್ರ ಆಡುತ್ತಿದ್ದ. ಅವನ ಜೊತೆಯವರು ಎಷ್ಟೋ ಜನ ಆಸ್ಟ್ರೇಲಿಯಾ ಏರ್‌ಫೋರ್ಸ್ ಸೇರಿಕೊಂಡರು. ಮುಂದಿನ ಬೇಸಿಗೆಗೆ ಅವನೂ ಮನೆ ಮಾರಿ ಆ ಕಡೆ ಹೋದ. ಹೋಗುವಾಗ ಆ ಮಷೀನ್ ನಮ್ಮ ಬಾಗಿಲಲ್ಲಿ ಇಟ್ಟು ಹೋಗಿದ್ದ. ಎಂಟು ವರ್ಷ ಅದರಲ್ಲೇ ಹುಲ್ಲು ಕತ್ತರಿಸಿದೆ. ಸಾರಿ ಅಂತ ಒಂದು ಕಾಗದ ಹಾಕೋಕೆ ಆಗಲಿಲ್ಲ. ವಿಳಾಸ ಕೇಳಿ ಇಟ್ಟುಕೊಂಡಿರಲಿಲ್ಲ.

ಹಾಗಂತ ಸೈನ್ಯ ಮುಚ್ಚಿದರು ಅನ್ನೋದು ಸುಳ್ಳು. ಅದೇ ಕ್ಲಾರ್ಕ್ ಸರ್ಕಾರ ಆರ್ಮಿಗೆ 105 ಹೊಸ ಕವಚದ ಗಾಡಿ ಕೊಂಡಿತು, ಅಫ್ಘಾನಿಸ್ತಾನಕ್ಕೆ ಕಮಾಂಡೋಗಳನ್ನು ಕಳಿಸಿತು. 2003ರಲ್ಲಿ ಇರಾಕ್ ಮೇಲಿನ ದಾಳಿಗೆ ಮಾತ್ರ ಸೇರಲಿಲ್ಲ. ನೇವಿಗೆ ಕ್ಯಾಂಟರ್ಬರಿ ಅಂತ ಸಾಮಾನು, ಜನ ಸಾಗಿಸುವ ದೊಡ್ಡ ಹಡಗು ತಂದಿತು. 2011ರ ಕ್ರೈಸ್ಟ್‌ಚರ್ಚ್ ಭೂಕಂಪದ ದಿನ ಆ ಹಡಗು ಅಲ್ಲೇ ಲಿಟಲ್ಟನ್ ಬಂದರಿನಲ್ಲಿತ್ತು, ಮನೆ ಕಳೆದುಕೊಂಡವರಿಗೆ ಅದರ ಅಡುಗೆಮನೆಯಿಂದಲೇ ಊಟ ಹೋಯಿತು. ದೂರದ ಸಮುದ್ರದಲ್ಲಿರೋ ಐವತ್ತು ಲಕ್ಷ ಜನರ ದೇಶಕ್ಕೆ ಯಾವುದು ಜಾಸ್ತಿ ಬೇಕು? ನಾನು ಈಗ ಹಡಗಿನ ಕಡೆ. ನಮ್ಮಪ್ಪ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಬಿಡಿ.

ಅಣ್ವಸ್ತ್ರಕ್ಕೆ ವಿರೋಧ ಅನ್ನೋದು ಇಲ್ಲಿ ಲೇಬರ್‌ನವರ ಹಳೇ ದಾರಿ. 1973ರಲ್ಲಿ ಫ್ರಾನ್ಸಿನ ಅಣುಬಾಂಬ್ ಪರೀಕ್ಷೆಗೆ ವಿರೋಧ ಅಂತ ಆಗಿನ ಲೇಬರ್ ಪ್ರಧಾನಿ ನಾರ್ಮನ್ ಕರ್ಕ್ ಯುದ್ಧನೌಕೆಯನ್ನೇ ಆ ಪರೀಕ್ಷೆ ನಡೆಯುತ್ತಿದ್ದ ಮುರುರೋವಾ ದ್ವೀಪದ ಕಡೆ ಕಳಿಸಿದ್ದರು, ಒಳಗೆ ಒಬ್ಬ ಮಂತ್ರಿಯನ್ನೂ ಕೂರಿಸಿ. 1985ರಲ್ಲಿ ಡೇವಿಡ್ ಲಾಂಗಿ ಸರ್ಕಾರ ಅಮೆರಿಕದ ಬುಕಾನನ್ ಹಡಗನ್ನು ಬರಗೊಡಲಿಲ್ಲ. ಅದರಲ್ಲಿ ಅಣ್ವಸ್ತ್ರ ಇದೆಯೋ ಇಲ್ಲವೋ ಹೇಳಲ್ಲ ಅಂದಿತ್ತು ಅಮೆರಿಕ. ರಕ್ಷಣೆ ಕೊಡುವ ಮಾತನ್ನೇ ಅಮೆರಿಕ ವಾಪಸ್ ತಗೊಂಡಿತು, ಇವರು ಜಗ್ಗಲಿಲ್ಲ.

ಇನ್ನೊಂದು ತಮಾಷೆ. 2008ರಲ್ಲಿ ಬಲಪಂಥದ ನ್ಯಾಷನಲ್ ಪಕ್ಷ ಬಂತು. ಅವರೂ ಫೈಟರ್ ವಾಪಸ್ ತರಲಿಲ್ಲ. ಉಳಿದ ಸ್ಕೈಹಾಕ್‌ಗಳಲ್ಲಿ ಎಂಟು ಅಮೆರಿಕದ ಖಾಸಗಿ ಕಂಪನಿಗೆ ಹೋದವು, ಮಿಕ್ಕವು ಮ್ಯೂಸಿಯಂಗಳಿಗೆ. ಓಹಾಕಿಯಾದಲ್ಲಿ ಈಗ ಸಮುದ್ರ ಕಾಯುವ ನಾಲ್ಕು ಪಿ-8 ವಿಮಾನಗಳಿವೆ. ಅವನ್ನು ಕೊಳ್ಳೋಕೆ 2018ರಲ್ಲಿ ಹೂಂ ಅಂದಿದ್ದು ಮತ್ತೆ ಲೇಬರ್ ಇದ್ದ ಸರ್ಕಾರವೇ!

ಹಾಗಾಗಿ ಮಗನಿಗೆ ಹೇಳಿ, ಫೈಟರ್ ಒಂದನ್ನು ಬಿಟ್ಟು ಬೇರೆಲ್ಲ ಇದೆ. ಹೆಲಿಕಾಪ್ಟರ್, ಸಾಗಣೆ ವಿಮಾನ ಹಾರಿಸಬಹುದು. ವೀಸಾ ಲೆಕ್ಕ ಮೊದಲು ಸರಿಯಾಗಲಿ, ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಟೈಮ್ ಹಿಡಿಯುತ್ತೆ.

ಮತ್ತೆ ಆಫೀಸಲ್ಲಿ ಇದನ್ನೆಲ್ಲ ವಾದಕ್ಕೆ ಎತ್ತಿಕೊಳ್ಳಬೇಡಿ. ಎದುರಿಗೆ ಕೂತವರ ಮನೆಯಲ್ಲಿ ಯಾರು ಆ ಯೂನಿಫಾರ್ಮ್ ಹಾಕಿದ್ದರೋ ನಿಮಗೆ ಗೊತ್ತಿರಲ್ಲ.

ಏಪ್ರಿಲ್ 25ಕ್ಕೆ ಆನ್‌ಜ್ಯಾಕ್ ದಿನ, ಯುದ್ಧಕ್ಕೆ ಹೋದ ಸೈನಿಕರನ್ನು ಇಲ್ಲಿ ನೆನೆಯೋ ದಿನ. ಬೆಳಗಿನ ಜಾವ ಕತ್ತಲಲ್ಲೇ ಊರ ಮಧ್ಯದ ಸ್ಕ್ವೇರ್‌ನಲ್ಲಿ ಸ್ಮಾರಕದ ಹತ್ತಿರ ಸೇರುತ್ತಾರೆ. ನಾನು ಅಪ್ಪನ ಮೆಡಲ್ ಬಲಗಡೆ ಹಾಕಿಕೊಂಡು ಹೋಗ್ತೀನಿ, ಇಲ್ಲಿ ಹಿರಿಯರ ಮೆಡಲ್ ಹಾಕೋದು ಆ ಕಡೆಗೇ. ಮಗನನ್ನು ಕರಕೊಂಡು ಬನ್ನಿ, ದಪ್ಪ ಜಾಕೆಟ್ ಇರಲಿ. ಊರಿಂದ ತಂದ ಕಾಫಿಪುಡಿ ಇನ್ನೂ ಉಳಿದಿದ್ದರೆ ಒಂದು ಫ್ಲಾಸ್ಕ್ ಮಾಡಿಕೊಂಡು ಬನ್ನಿ. ನಮ್ಮನೆಯಲ್ಲಿ ಮುಗಿದು ತಿಂಗಳಾಯ್ತು.